ಅಕ್ಕನ ಹುಲ್ಲು ಹಸಿರು, ನನ್ನದು ಹಳದಿ

ನನ್ನ ಮಗಳು ಹುಟ್ಟಿದ ಮೇಲೆ ಹೊಟ್ಟೆ ತುಂಬ ಕುಡಿದ ಮೊದಲ ಹಾಲು ನನ್ನದಲ್ಲ. ನನ್ನ ವಾರಗಿತ್ತಿ ಕಾಂತಮ್ಮನದು. ನಾನು ಅದೇ ಕೋಣೆಯಲ್ಲಿ ಚಾಪೆಯ ಮೇಲೆ ಮಲಗಿ, ಕತ್ತೆತ್ತಲೂ ಆಗದೆ, ಮಗು ಗುಟುಕು ಗುಟುಕಾಗಿ ನುಂಗುವ ಸದ್ದನ್ನು ಕೇಳುತ್ತಿದ್ದೆ. ಸದ್ಯ ಮಗು ಬದುಕಿತಲ್ಲ ಎಂದು ಅತ್ತೆ ಕೈಮುಗಿದರು. ನನಗೂ ಹಾಗೇ ಅನ್ನಿಸಬೇಕಿತ್ತು. ಆದರೆ ನನಗೆ ಹೊಟ್ಟೆಯೊಳಗೆ ಒಲೆ ಹೊತ್ತಿಸಿದ ಹಾಗಾಯಿತು. ಮೈಯಲ್ಲಿ ಹನಿ ರಕ್ತವಿಲ್ಲ ಎಂದು ಆಮೇಲೆ ಡಾಕ್ಟರು ಹೇಳಿದರು. ಹೊಟ್ಟೆಕಿಚ್ಚು ಪಡುವುದಕ್ಕೆ ರಕ್ತ ಬೇಕಾಗಿಲ್ಲ ಎಂಬುದು ನನಗೆ ಅಷ್ಟರಲ್ಲಿ ಗೊತ್ತಾಗಿತ್ತು.

ಈಗ ನನಗೆ ವಯಸ್ಸಾಗಿದೆ. ಮೈಯಲ್ಲಿ ರಕ್ತ ಬೇಕಾದಷ್ಟಿದೆ, ನಾಲಿಗೆಯೂ ಚೆನ್ನಾಗಿಯೇ ಓಡುತ್ತದೆ. ಮೊನ್ನೆ ನಮ್ಮ ಬೀದಿಯ ಹುಡುಗಿಯೊಬ್ಬಳು ಹೆರಿಗೆಯಾಗಿ ಬಿಳಿಚಿಕೊಂಡು ಮಲಗಿದ್ದಳು. ನೋಡಲು ಬಂದವರೆಲ್ಲ ಮನಸ್ಸನ್ನು ಸಮಾಧಾನವಾಗಿಟ್ಟುಕೋ ಎಂದು ಬುದ್ಧಿ ಹೇಳಿ, ಕಾಫಿ ಕುಡಿದು ಹೋದರು. ಆ ಹುಡುಗಿ ಎಲ್ಲದಕ್ಕೂ ತಲೆಯಾಡಿಸುತ್ತಿದ್ದಳು. ಕಣ್ಣು ಮಾತ್ರ ಮಗುವನ್ನೆತ್ತಿಕೊಂಡು ಓಡಾಡುತ್ತಿದ್ದ ನಾದಿನಿಯ ಹಿಂದೆಯೇ ಹೋಗುತ್ತಿತ್ತು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಹಾಸಿಗೆ ಹಿಡಿದವರು ದೇವರ ಧ್ಯಾನ ಮಾಡುತ್ತಾ ಇರುತ್ತಾರೆ ಎಂದು ಓಡಾಡಿಕೊಂಡಿರುವವರು ಅಂದುಕೊಂಡಿದ್ದಾರೆ. ಇಲ್ಲ, ನಮಗೆ ಹೊಟ್ಟೆ ಉರಿಯುತ್ತಿರುತ್ತದೆ. ಆ ಹುಡುಗಿಗೆ ಅವಳೊಬ್ಬಳೇ ಹಾಗಲ್ಲ ಎಂದು ಯಾರಾದರೂ ಹೇಳಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಅದು ಎರಡನೇ ಮಹಾಯುದ್ಧದ ಕಾಲ. ಹಲಸೂರಿನಲ್ಲಿ ಕೆರೆಯ ಕಡೆ ಹೋಗುವ ಓಣಿಯಲ್ಲಿ ನಮ್ಮ ಮನೆ. ಅತ್ತೆ, ಭಾವ, ಭಾವನ ಹೆಂಡತಿ ಕಾಂತಮ್ಮ, ಅವರ ಇಬ್ಬರು ಗಂಡುಮಕ್ಕಳು, ಆಮೇಲೆ ನಮ್ಮವರು ಮತ್ತು ನಾನು. ಭಾವ ಬ್ಲಾಕ್‌ಪಲ್ಲಿಯಲ್ಲಿ, ಅಂದರೆ ಈಗ ನೀವು ಶಿವಾಜಿನಗರ ಅನ್ನುತ್ತೀರಲ್ಲ ಅಲ್ಲಿ, ಸೋಲ್ಜರುಗಳ ಬಟ್ಟೆ ಹೊಲಿಯುವ ಅಂಗಡಿಯಲ್ಲಿದ್ದರು. ನಮ್ಮವರು ಸೈಕಲ್ಲು ಹತ್ತಿ ವಿಮಾನದ ಕಾರ್ಖಾನೆಗೆ ಹೋಗುತ್ತಿದ್ದರು. ನನ್ನ ತವರು ಕೃಷ್ಣರಾಜಪುರ. ಅಪ್ಪ ಅಲ್ಲಿ ರೈಲ್ವೆಯಲ್ಲಿ ಕೆಲಸಕ್ಕಿದ್ದರು. ನಾನು ಚಿಕ್ಕವಳಿದ್ದಾಗಲೇ ಅಮ್ಮ ತೀರಿಕೊಂಡಿದ್ದಳು. ಹಾಗಾಗಿ ಮೊದಲ ಬಾಣಂತನಕ್ಕೂ ತವರಿಗೆ ಹೋಗುವ ಭಾಗ್ಯ ನನಗಿರಲಿಲ್ಲ.

ಕಾಂತಮ್ಮನನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಎತ್ತರದ ಹೆಂಗಸು. ಒಂದು ಕೊಡ ತಲೆಯ ಮೇಲೆ, ಒಂದು ಸೊಂಟದ ಮೇಲೆ ಇಟ್ಟುಕೊಂಡು ಬಂದು ಕಾಲಿನಿಂದ ಬಾಗಿಲು ತಳ್ಳಿ ಒಳಗೆ ಬರುವವಳು. ಅವಳ ಚಿಕ್ಕ ಮಗ ಇನ್ನೂ ಹಾಲು ಕುಡಿಯುತ್ತಿದ್ದ. ಆ ಮೈಯಲ್ಲಿ ಎಲ್ಲವೂ ಬೇಕಾದಷ್ಟಿತ್ತು. ದೇವರು ಹಂಚುವಾಗ ನಮ್ಮ ಮನೆಯ ಪಾಲನ್ನೆಲ್ಲ ಒಬ್ಬಳಿಗೇ ಸುರಿದುಬಿಟ್ಟನೇನೋ ಎಂದು ನಾನು ಮದುವೆಯಾಗಿ ಬಂದ ಹೊಸದರಲ್ಲೇ ಅಂದುಕೊಂಡಿದ್ದೆ.

ಬಸುರಿನಲ್ಲಿಯೇ ನನ್ನ ಮೈ ಕೆಟ್ಟಿತ್ತು. ಒಲೆಯ ಬೂದಿ ತಿನ್ನಬೇಕು, ಗೋಡೆಗೆ ಬಳಿಯುವ ಕೆಮ್ಮಣ್ಣು ತಿನ್ನಬೇಕು ಅನ್ನಿಸುತ್ತಿತ್ತು. ಕದ್ದು ತಿನ್ನುತ್ತಿದ್ದೆ. ಬಾವಿಕಟ್ಟೆಯಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಎದೆ ಡವಗುಟ್ಟಿ ಕುಳಿತುಬಿಡುತ್ತಿದ್ದೆ. ಪಾದ ಊದಿಕೊಂಡು ಬೆರಳು ಒತ್ತಿದರೆ ಗುಳಿ ಬೀಳುತ್ತಿತ್ತು. ಬಸುರಿ ಹೆಂಗಸರಿಗೆ ಇದೆಲ್ಲ ಇದ್ದದ್ದೇ ಎಂದು ಎಲ್ಲರೂ ಹೇಳಿದರು, ನಾನೂ ಹಾಗೆಯೇ ನಂಬಿದೆ. ಹೆರಿಗೆಯಾಯಿತು, ಹೆಣ್ಣುಮಗು. ಆಮೇಲೆ ಜ್ವರ ಬಂತು, ಎಚ್ಚರ ತಪ್ಪಿತು. ಎದ್ದಾಗ ನಾನು ಮೊದಲು ಹೇಳಿದೆನಲ್ಲ, ಆ ಸದ್ದು ಕೇಳಿಸಿತು.

ಜಟಕಾದಲ್ಲಿ ಮಲಗಿಸಿ ಕಂಟೋನ್ಮೆಂಟಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಹಳ್ಳ ಬಂದಾಗಲೆಲ್ಲ ಜಟಕಾ ಸಾಬರು ಕುದುರೆಯನ್ನು ನಿಲ್ಲಿಸಿ, ಲಗಾಮು ಹಿಡಿದು ನಡೆಸಿಕೊಂಡು ದಾಟಿಸಿದರು. ಅವರ ಹೆಸರು ಗೊತ್ತಿಲ್ಲ, ಆದರೆ ಆ ಉಪಕಾರವನ್ನು ನಾನು ಮರೆತಿಲ್ಲ. ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಬುರ್ಖಾದ ಹೆಂಗಸರು, ಗೌನು ಹಾಕಿದ ಹೆಂಗಸರು, ನಮ್ಮಂಥವರು, ಎಲ್ಲರೂ ಒಬ್ಬರಿಗೊಬ್ಬರು ಒತ್ತಿಕೊಂಡು ಕುಳಿತಿದ್ದರು. ಆಯಾ ಬಾಗಿಲಲ್ಲಿ ನಿಂತು ಹೆಸರು ಕೂಗುತ್ತಿದ್ದಳು, ಕೂಗಿದ ಹೆಸರು ಯಾರದೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ನನ್ನ ಎದುರಿಗೆ ಒಬ್ಬಳು ಮಗುವಿಗೆ ಹಾಲು ಕುಡಿಸುತ್ತಾ ಕುಳಿತಿದ್ದಳು. ಅವಳಿಗೆ ಕೆಟ್ಟ ಕೆಮ್ಮು, ಕೆಮ್ಮಿದಾಗಲೆಲ್ಲ ಮಗುವೂ ಅಲುಗುತ್ತಿತ್ತು. ಅವಳ ಕೆಮ್ಮು ನನಗೆ ಬರಲಿ, ಹಾಲೂ ಬರಲಿ ಎಂದು ನಾನು ಬೇಡಿಕೊಂಡೆ ಎಂದರೆ ನೀವು ನಂಬಬೇಕು.

ಡಾಕ್ಟರಮ್ಮ ನನ್ನ ಕಣ್ಣಿನ ಕೆಳಗಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡಿದರು. ನಾಲಿಗೆ ನೋಡಿದರು, ಉಗುರು ನೋಡಿದರು. ಆಮೇಲೆ ಅತ್ತೆಯ ಕಡೆ ತಿರುಗಿ, ಈ ಹುಡುಗಿಗೆ ಮನೆಯಲ್ಲಿ ಊಟ ಹಾಕುತ್ತೀರೋ ಇಲ್ಲವೋ ಎಂದು ಕೇಳಿದರು. ಅತ್ತೆ ಆ ಮಾತನ್ನು ಸಾಯುವವರೆಗೂ ಕ್ಷಮಿಸಲಿಲ್ಲ. ಮೈಯಲ್ಲಿ ರಕ್ತವೇ ಇಲ್ಲ, ಇನ್ನೊಂದು ವಾರ ತಡ ಮಾಡಿದ್ದರೆ ಹೃದಯ ನಿಂತುಹೋಗುತ್ತಿತ್ತು ಎಂದರು. ಹಾಲಿನ ಆಸೆ ಬಿಡಿ, ಮಗುವನ್ನು ದೂರ ಇಡಿ, ಮೊದಲು ಇವಳು ಉಳಿಯಲಿ ಎಂದರು. ಅತ್ತೆಗೆ ಊಟದ ಮಾತು ಚುಚ್ಚಿತು. ನನ್ನ ಕಿವಿಯಲ್ಲಿ ದೂರ ಇಡಿ ಎಂಬುದೊಂದೇ ಉಳಿಯಿತು.

ವಾರ್ಡಿನಲ್ಲಿ ಸೊಂಟಕ್ಕೆ ಕಲೇಜಿಯ, ಅಂದರೆ ಲಿವರಿನ ಸತ್ತ್ವದ ಇಂಜೆಕ್ಷನ್ ಕೊಡುತ್ತಿದ್ದರು. ಚುಚ್ಚಿದ ಕಡೆ ಗೆಣಸಿನಂತೆ ಗಂಟು ಕಟ್ಟಿಕೊಳ್ಳುತ್ತಿತ್ತು. ಕಬ್ಬಿಣದ ಔಷಧಿ ಕುಡಿದು ಹಲ್ಲು ಕಪ್ಪಾಯಿತು, ಅದಕ್ಕೆ ಗಾಜಿನ ಕೊಳವೆಯಲ್ಲಿ ಹೀರು ಎಂದು ಹೇಳಿಕೊಟ್ಟರು. ಇಂಜೆಕ್ಷನ್ನಿನ ಕಲೇಜಿ ಯಾವ ಪ್ರಾಣಿಯದು ಎಂದು ಅತ್ತೆಗೆ ಒಂದೇ ಚಿಂತೆ. ವಯಸ್ಸಾದ ನರ್ಸೊಬ್ಬಳು, ಗೌನಿನವಳು, ತನ್ನ ಹರುಕುಮುರುಕು ತಮಿಳಿನಲ್ಲಿ ಕುರಿಯದು, ಕುರಿಯದೇ ಎಂದು ಎದೆ ಮುಟ್ಟಿ ಹೇಳಿದಳು. ನಿಜವೋ ಸುಳ್ಳೋ ಆ ದೇವರಿಗೇ ಗೊತ್ತು. ಅತ್ತೆಗೆ ನೆಮ್ಮದಿಯಾಯಿತು, ನನಗೆ ಇಂಜೆಕ್ಷನ್ ತಪ್ಪಲಿಲ್ಲ.

ಭೇಟಿಯ ದಿನ ಅಕ್ಕ ಮಗುವನ್ನೆತ್ತಿಕೊಂಡು ಬರುತ್ತಿದ್ದಳು. ಹಾಸಿಗೆಯ ಕಾಲ ಬಳಿ ನಿಂತು, ನೋಡು ನೋಡು ಅಮ್ಮ ನೋಡು ಎಂದು ಮಗುವಿನ ಮುಖ ತಿರುಗಿಸುತ್ತಿದ್ದಳು. ಮಗು ಗುಂಡಗುಂಡಗೆ ಆಗಿತ್ತು. ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟಿದ್ದಳು. ನನ್ನ ಕಣ್ಣಿಗೇ ಇಟ್ಟ ಬೊಟ್ಟು ಅದು ಅನ್ನಿಸಿತು. ಅವಳು ಬಾಗಿದಾಗ ಮಗುವಿನ ತಲೆಯಿಂದ ಬಂದದ್ದು ಅಕ್ಕನ ವಾಸನೆ. ಕೊಬ್ಬರಿ ಎಣ್ಣೆ, ಬೆವರು, ಹಾಲು. ನಾನು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡೆ. ಸುಸ್ತಾಗಿರಬೇಕು ಪಾಪ ಎಂದು ಅಕ್ಕ ಪಕ್ಕದ ಹಾಸಿಗೆಯವಳಿಗೆ ಹೇಳಿದ್ದು ಕೇಳಿಸಿತು. ಆ ಪಾಪ ಎಂಬ ಮಾತು ಇಂಜೆಕ್ಷನ್ನಿಗಿಂತ ಆಳಕ್ಕೆ ಹೋಯಿತು.

ಜೀವಕ್ಕೆ ಅಪಾಯವಿಲ್ಲ ಅನ್ನಿಸಿದ ಮೇಲೆ ಮನೆಗೆ ಕಳಿಸಿದರು. ವಾರಕ್ಕೊಮ್ಮೆ ಬಂದು ಇಂಜೆಕ್ಷನ್ ಹಾಕಿಸಿಕೊಳ್ಳಬೇಕು, ಮಿಕ್ಕ ಹೊತ್ತು ಮಲಗಿರಬೇಕು ಎಂದರು. ಮನೆಯ ಒಳಕೋಣೆಯಲ್ಲಿ ನನ್ನ ಚಾಪೆ. ಯುದ್ಧದ ದೆಸೆಯಿಂದ ಕಿಟಕಿಗೆ ಕಪ್ಪು ಕಾಗದ ಅಂಟಿಸಿದ್ದರು, ಹಗಲಲ್ಲೂ ಅಲ್ಲಿ ಬೆಳಕಿಲ್ಲ. ಹೊರಗಿನಿಂದ ಅಕ್ಕನ ಬಳೆಯ ಸದ್ದು, ಮಗುವಿನ ಕೇಕೆ. ಅವಳು ಮಗುವಿಗೆ ಎಣ್ಣೆ ಹಚ್ಚುತ್ತಿದ್ದಾಳೆ, ಈಗ ನೀರು ಹಾಕುತ್ತಿದ್ದಾಳೆ, ಈಗ ಸಾಂಬ್ರಾಣಿ ಹಾಕುತ್ತಿದ್ದಾಳೆ ಎಂದು ಸದ್ದಿನಲ್ಲೇ ಲೆಕ್ಕ ಹಾಕುತ್ತಾ ಮಲಗಿರುತ್ತಿದ್ದೆ. ಎದ್ದು ಹೋಗಿ ಕಿತ್ತುಕೊಳ್ಳೋಣ ಅನ್ನಿಸುತ್ತಿತ್ತು. ಎದ್ದು ಕುಳಿತರೆ ಕಣ್ಣು ಕತ್ತಲೆ ಬರುತ್ತಿತ್ತು.

ಆಗ ಅತ್ತೆ ಪಂಡಿತರನ್ನು ಕರೆಸಿದರು. ಹುಬ್ಬಳ್ಳಿ ಕಡೆಯವರು, ಹಲಸೂರು ಪೇಟೆಯಲ್ಲಿ ನಾಟಿ ಔಷಧಿಯ ಅಂಗಡಿ ಇಟ್ಟಿದ್ದರು. ನಾಡಿ ಹಿಡಿದು ನೋಡಿ, ಹುಲ್ಲು ತಿಂದ ಹಸುವಿಗೆ ಮೈ ತುಂಬ ರಕ್ತ ಇರುತ್ತದೆ, ನಿಮ್ಮ ಸೊಸೆಗೆ ಯಾಕೆ ಬರಬಾರದು ಎಂದರು. ಗೋಧಿಯ ಎಳೆಹುಲ್ಲು ಬೆಳೆಸಿ ಅರೆದು ರಸ ಕುಡಿಸಬೇಕಂತೆ. ರೇಷನ್ನಿನ ಗೋಧಿ ನಡೆಯುವುದಿಲ್ಲ, ಅದು ಎಲ್ಲಿಂದಲೋ ಹಡಗಿನಲ್ಲಿ ಬಂದ ಸತ್ತ ಗೋಧಿ. ಜವೆಗೋಧಿಯೇ ಆಗಬೇಕು, ಹಿಂದಿನ ಕಾಲದ ಗೋಧಿ, ಅದಕ್ಕೇ ಸತ್ತ್ವ ಎಂದು ಹೇಳಿ ಹೋದರು. ಡಾಕ್ಟರಮ್ಮನನ್ನು ಕೇಳಿದಾಗ ಅವರು, ಹುಲ್ಲು ಬೇಕಾದರೆ ಕುಡಿಯಲಿ, ಇಂಜೆಕ್ಷನ್ ತಪ್ಪಿಸಿದರೆ ಮಾತ್ರ ನನ್ನ ಹತ್ತಿರ ಬರಬೇಡಿ ಎಂದರು.

ನಮ್ಮವರು ಅಂಗಡಿಗೆ ಹೋಗಿ ಜವೆಗೋಧಿ ಕೇಳಿ ತಂದರು. ಅತ್ತೆ ಅದನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಜರಡಿ ಹಿಡಿದ ಮಣ್ಣು ಗೊಬ್ಬರ ಬೆರೆಸಿ ಅಗಲವಾದ ಮಣ್ಣಿನ ತಟ್ಟೆಯಲ್ಲಿ ಹರಡಿದರು. ನನ್ನ ಚಾಪೆಯ ಪಕ್ಕದಲ್ಲಿಯೇ ಇಟ್ಟರು. ದಿನಾ ಕೈ ಮುಗಿದು ನೀರು ಚಿಮುಕಿಸಿದರು. ಒಂದು ಕಾಳೂ ಕಣ್ಣು ಬಿಡಲಿಲ್ಲ. ಬಿಳಿ ಬೂಷ್ಟು ಹಿಡಿದು ಕೋಣೆಯೆಲ್ಲ ಹುಳಿಹುಳಿ ನಾತ. ಅತ್ತೆ ತಟ್ಟೆ ಎತ್ತಿಕೊಂಡು ಹೋದರು. ಬಚ್ಚಲಿನ ಹತ್ತಿರ ಅವರು ಸೆರಗಿನಲ್ಲಿ ಮೂಗು ಒರೆಸಿಕೊಂಡ ಸದ್ದು ನನಗೆ ಕೇಳಿಸಿತು. ನಾನು ಉಳಿಯುವುದಿಲ್ಲ, ಕಾಳು ಹೇಳಿಬಿಟ್ಟಿತು ಎಂದುಕೊಂಡೆ. ಮುಂದಿನದ್ದು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಮಗುವಿಗೆ ನನ್ನ ಮುಖವೂ ನೆನಪಿರುವುದಿಲ್ಲ. ಅದಕ್ಕೆ ಅಕ್ಕನೇ ಅಮ್ಮ. ಯಾರೂ ಅದನ್ನು ತಪ್ಪು ಎಂದು ಹೇಳುವುದೂ ಇಲ್ಲ.

ಪಂಡಿತರು ಬಂದು ಉಳಿದ ಕಾಳನ್ನು ಅಂಗೈಗೆ ಹಾಕಿಕೊಂಡು ನೋಡಿ ತಲೆ ಚಚ್ಚಿಕೊಂಡರು. "ನಾ ಹೇಳಿದ್ದು ಜವೆಗೋಧಿರೀ. ಇದು ಬಾರ್ಲಿ. ಮ್ಯಾಲಿನ ಸಿಪ್ಪಿ ಕಿತ್ತು ಹೊಳಪು ಕೊಟ್ಟಾರ, ಇದು ಹೆಂಗ ಮೊಳಕಿ ಬರ್ತದ?"

ನಮ್ಮ ಕಡೆ ಜವೆಗೋಧಿ ಎಂದರೆ ಬಾರ್ಲಿ. ಜ್ವರ ಬಂದರೆ ಗಂಜಿ ಮಾಡುತ್ತೇವಲ್ಲ, ಅದೇ. ಅವರ ಕಡೆ ಜವೆಗೋಧಿ ಎಂದರೆ ಉದ್ದನೆಯ, ಕೆಂಪಗಿನ, ಸಿಪ್ಪೆ ಬಿಡದ ಒಂದು ಹಳೆಯ ಗೋಧಿಯಂತೆ. ಎರಡು ಊರಿನವರು ಒಂದೇ ಮಾತನ್ನು ಎರಡು ಕಾಳಿಗೆ ಇಟ್ಟುಕೊಂಡಿದ್ದಕ್ಕೆ ನಾನು ಸಾಯಲು ತಯಾರಾಗಿದ್ದೆ. ನಗು ಬಂತು, ನಕ್ಕರೆ ಎದೆ ನೋವು ಬಂತು. ಅಪ್ಪನಿಗೆ ಹೇಳಿಕಳಿಸಿದೆವು. ಅಪ್ಪ ಗೂಡ್ಸ್ ರೈಲಿನ ಗಾರ್ಡೊಬ್ಬರಿಗೆ ಹೇಳಿ, ಹುಬ್ಬಳ್ಳಿ ಕಡೆಯಿಂದಲೇ ಚೀಲದ ತುದಿಯಲ್ಲಿ ಕಟ್ಟಿಸಿಕೊಂಡು ತರಿಸಿ, ಕೃಷ್ಣರಾಜಪುರದಿಂದ ನಡೆದುಕೊಂಡೇ ಬಂದು ಕೊಟ್ಟು ಹೋದರು. ಬಾಗಿಲಲ್ಲಿ ನಿಂತು ನನ್ನನ್ನು ನೋಡಿದರು. ರೈಲು ಬಹಳ ತಡ ಕಣಮ್ಮ ಈಗೆಲ್ಲ ಎಂದರು.

ಈ ಸಲ ಅತ್ತೆ ತಮ್ಮ ತವರಿನ ರೀತಿಯಲ್ಲೇ ಬಿತ್ತಿದರು. ಅತ್ತೆಯ ತವರು ಸೇಲಂ ಕಡೆ. ಅಲ್ಲಿ ಅಮ್ಮನವರ ಹಬ್ಬಕ್ಕೆ ಕುಂಡಗಳಲ್ಲಿ ಮೊಳಕೆ ಬೆಳೆಸುತ್ತಾರೆ, ಮುಳೈಪ್ಪಾರಿ ಅನ್ನುತ್ತಾರೆ. ಅದನ್ನು ಕತ್ತಲೆಕೋಣೆಯಲ್ಲಿ, ಬುಟ್ಟಿ ಮುಚ್ಚಿ, ಯಾರ ಕಣ್ಣೂ ಬೀಳದ ಹಾಗೆ ಬೆಳೆಸಬೇಕು. ಉದ್ದಕ್ಕೆ, ಬಂಗಾರದ ಬಣ್ಣಕ್ಕೆ ಬಂದರೆ ತಾಯಿ ಒಲಿದಳು ಎಂದು ಅರ್ಥ. ನನ್ನ ಕೋಣೆಗಿಂತ ಕತ್ತಲೆ ಇನ್ನೆಲ್ಲಿ ಸಿಗಬೇಕು? ತಟ್ಟೆ ಇಟ್ಟು ಮೇಲೆ ಬುಟ್ಟಿ ಮುಚ್ಚಿದರು. ಈ ಸಲ ಕಾಳು ಕಣ್ಣು ಬಿಟ್ಟಿತು. ಅತ್ತೆ ಬುಟ್ಟಿ ಎತ್ತಿ ನೀರು ಚಿಮುಕಿಸುವಾಗ ನಾನು ಪಕ್ಕಕ್ಕೆ ಹೊರಳಿ ನೋಡುತ್ತಿದ್ದೆ. ಸೂಜಿಯಂಥ ತುದಿಗಳು ಮಣ್ಣನ್ನು ತಲೆಯ ಮೇಲೆ ಹೊತ್ತುಕೊಂಡು ಎದ್ದಿದ್ದವು. ಎಷ್ಟೋ ದಿನದ ಮೇಲೆ ನನ್ನದು ಎಂಬುದೊಂದು ಆ ಕೋಣೆಯಲ್ಲಿತ್ತು.

ಅಷ್ಟರಲ್ಲಿ ಅಕ್ಕ ಏನು ಮಾಡಿದಳು ಗೊತ್ತೇ? ಅಪ್ಪ ತಂದ ಕಾಳಿನಲ್ಲಿ ಉಳಿದದ್ದನ್ನು ಇಲಿ ತಿನ್ನುವುದು ಯಾಕೆ ಎಂದು, ಒಡೆದ ಮಡಕೆಯ ತಳದಲ್ಲಿ ಮಣ್ಣು ತುಂಬಿ ಚೆಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಇಟ್ಟುಬಿಟ್ಟಿದ್ದಳು. ಕೈ ಮುಗಿಯಲಿಲ್ಲ, ಬುಟ್ಟಿ ಮುಚ್ಚಲಿಲ್ಲ. ಬಟ್ಟೆ ಹಿಂಡಿದ ನೀರೇ ಅದಕ್ಕೆ ಗತಿ. ನನಗೆ ಅದು ಗೊತ್ತಾದಾಗ ತಡೆಯಲಾಗಲಿಲ್ಲ. ದಿನಾ ಕೇಳುತ್ತಿದ್ದೆ, ನಿನ್ನದು ಎಷ್ಟುದ್ದ ಬಂತು ಅಕ್ಕ ಎಂದು. ಅದಾ, ಗಿಡ್ಡಗಿದೆ ಬಿಡು, ನಿನ್ನಷ್ಟು ಬಂದಿಲ್ಲ ಎನ್ನುತ್ತಿದ್ದಳು. ನನ್ನದು ಗೇಣುದ್ದ ಬೆಳೆದಿತ್ತು. ತೆಳ್ಳಗೆ, ಬಂಗಾರದ ಬಣ್ಣ. ಅವಳಿಗಿಂತ ಒಂದಾದರೂ ವಿಷಯದಲ್ಲಿ ನನ್ನದು ಮೇಲಾಯಿತಲ್ಲ ಎಂದು ಆ ದಿನಗಳಲ್ಲಿ ಎರಡು ತುತ್ತು ಹೆಚ್ಚು ಊಟ ಮಾಡಿದೆ.

ಹುಲ್ಲು ಕೊಯ್ಯುವ ಹದಕ್ಕೆ ಬಂತೆಂದು ಅತ್ತೆ ಪಂಡಿತರನ್ನು ಕರೆಸಿದರು. ಬುಟ್ಟಿಯನ್ನು ಅತ್ತೆಯೇ ಹೆಮ್ಮೆಯಿಂದ ಎತ್ತಿದರು. ಪಂಡಿತರು ಬಾಗಿ ನೋಡಿದರು, ಮತ್ತೆ ನನ್ನನ್ನು ನೋಡಿದರು.

"ಏನ್ರೀ ತಾಯಿ, ನಿಮ್ಮ ಸೊಸೀಗೆ ಬಂದ ರೋಗ ಇದಕ್ಕೂ ಬಂದದಲ್ಲ."

ಹಳದಿ ಹುಲ್ಲಿನಿಂದ ಏನೂ ಉಪಯೋಗವಿಲ್ಲ, ಬಿಸಿಲು ಕಂಡಿರಬೇಕು, ಹಸಿರಾಗಿರಬೇಕು ಎಂದರು. ಕೈ ತೊಳೆಯಲು ಹಿತ್ತಲಿಗೆ ಹೋದವರು ಅಲ್ಲಿಂದಲೇ ಕೂಗಿ ಕರೆದರು. ಒಗೆಯುವ ಕಲ್ಲಿನ ಪಕ್ಕ ಒಡೆದ ಮಡಕೆಯಲ್ಲಿ ದಟ್ಟ ಹಸಿರು ಹುಲ್ಲು ಒತ್ತೊತ್ತಾಗಿ ನಿಂತಿತ್ತಂತೆ. ಇದು ನೋಡ್ರಿ ಹುಲ್ಲು, ಇದನ್ನು ಅರೆದು ಕುಡಿಸಿರಿ ಎಂದು ಹೇಳಿ ಹೋದರು.

ನನಗೆ ಹೇಗಾಗಿರಬೇಕು ಹೇಳಿ. ನನ್ನ ಮಗು ಅವಳ ಹಾಲು ಕುಡಿಯುತ್ತಿದೆ, ಈಗ ನಾನು ಅವಳ ಹುಲ್ಲು ಕುಡಿಯಬೇಕು. ಅವಳು ಕಾಲಿನಲ್ಲಿ ತಳ್ಳಿ ಬೆಳೆಸಿದ್ದೂ ಬೆಳೆಯುತ್ತದೆ, ನಾನು ಪಕ್ಕದಲ್ಲಿ ಮಲಗಿಸಿಕೊಂಡು ಬೆಳೆಸಿದ್ದು ನನ್ನ ಹಾಗೆಯೇ ಆಗುತ್ತದೆ. ಒರಳಿನ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಅಕ್ಕ ಒಂದು ಕೈಯಲ್ಲಿ ಲೋಟ, ಇನ್ನೊಂದು ತೋಳಿನಲ್ಲಿ ನನ್ನ ಮಗಳನ್ನು ಹಿಡಿದುಕೊಂಡು ಬಂದಳು.

"ಕುಡಿ ರುಕ್ಕು. ಮೂಗು ಮುಚ್ಕೊಂಡು ಒಂದೇ ಸಲಕ್ಕೆ ಕುಡಿದ್ಬಿಡು."

"ನನಗೆ ಬೇಡ."

"ಬೇಡ ಅಂದ್ರೆ ಆಗುತ್ತಾ?"

"ಮಗೂನೂ ನಿನ್ನದೇ ಆಯ್ತು, ಹುಲ್ಲೂ ನಿನ್ನದೇ ಆಯ್ತು. ನನಗೆ ಅಂತ ಏನು ಉಳಿಸಿದ್ದೀಯಾ ಅಕ್ಕ?"

ಅಕ್ಕ ಮಗುವನ್ನು ಒಂದು ಭುಜದಿಂದ ಇನ್ನೊಂದಕ್ಕೆ ಬದಲಾಯಿಸಿದಳು. ಆಮೇಲೆ ದನಿ ಏರಿಸದೆಯೇ ಹೇಳಿದಳು.

"ನಿನ್ನ ಗಂಡ ಕಾರ್ಖಾನೆಯಿಂದ ಬಂದ್ರೆ ಕಾಲು ತೊಳೆಯೋಕೂ ಮುಂಚೆ ಈ ಕೋಣೆಗೆ ಬರ್ತಾನೆ. ನಿನ್ನ ಪಕ್ಕ ಕೂತ್ಕೊಂಡು ಕಾಲು ಒತ್ತುತಾನೆ, ನಾನು ನೋಡಿದ್ದೀನಿ. ನನಗೆ ಎರಡು ಬಾಣಂತನ ಆಯ್ತು. ನಿಮ್ಮ ಭಾವ ಈ ಹೊಸ್ತಿಲು ದಾಟಿ ಬಂದು ಹೆಂಗಿದ್ದೀಯಾ ಅಂತ ಒಂದ್ಸಲನೂ ಕೇಳ್ಲಿಲ್ಲ. ನಿನಗೊಬ್ಬಳಿಗೇ ಹೊಟ್ಟೆ ಉರಿಯೋದು ಅಂದ್ಕೊಂಡಿದ್ದೀಯಾ?"

ಹಾಗೆ ಹೇಳಿದವಳೇ ಲೋಟವನ್ನು ಎತ್ತಿ ಆ ಹಸಿರು ರಸವನ್ನೆಲ್ಲ ತಾನೇ ಗಟಗಟ ಕುಡಿದಳು. ಮುಖ ಕಿವುಚಿಕೊಂಡಿತು. ಬಾಯಿ ಒರೆಸಿಕೊಂಡು, ಮಗುವನ್ನೆತ್ತಿಕೊಂಡು ಹೊರಟುಹೋದಳು.

ನನ್ನ ಔಷಧಿಯನ್ನು ಅವಳೇ ಕುಡಿದುಬಿಟ್ಟಳಲ್ಲ ಎಂದು ನನಗೆ ಮೊದಲು ಸಿಟ್ಟು ಬಂತು. ಆಮೇಲೆ ಬೇರೆ ಏನೇನೋ ಯೋಚನೆ ಬಂತು. ಅಕ್ಕನಿಗೆ ನನ್ನ ಮೇಲೆ ಹೊಟ್ಟೆಕಿಚ್ಚು! ಕೊಳೆತ ಚಾಪೆಯ ಮೇಲೆ ಕಪ್ಪು ಹಲ್ಲು ಬಿಟ್ಟುಕೊಂಡು ಮಲಗಿದ ನನ್ನ ಮೇಲೆ! ಸುಳ್ಳೇಕೆ ಹೇಳಲಿ, ಆ ದಿನ ನನಗೆ ಒಂಥರಾ ಬಲ ಬಂತು. ನನ್ನ ಹತ್ತಿರವೂ ಅವಳಿಗೆ ಬೇಕಾದದ್ದು ಒಂದಿದೆ ಎಂದು ತಿಳಿದರೆ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ.

ಮರುದಿನ ಬೆಳಿಗ್ಗೆ ಅತ್ತೆ ದೇವಸ್ಥಾನಕ್ಕೆ ಹೋಗಿದ್ದಾಗ ನಾನು ಎದ್ದು ಕುಳಿತೆ. ಕಣ್ಣು ಕತ್ತಲೆ ಬಂತು, ಹೋಗಲಿ ಎಂದು ಕಾದೆ. ನನ್ನ ಹಳದಿ ತಟ್ಟೆಯನ್ನು ಎತ್ತಲು ಹೋದರೆ ಎತ್ತಲಾಗಲಿಲ್ಲ. ನೆಲದ ಮೇಲೆ ತಳ್ಳಿಕೊಂಡು, ತಳ್ಳಿಕೊಂಡು, ತೆವಳುತ್ತಾ ಹಿತ್ತಲಿನ ಹೊಸ್ತಿಲವರೆಗೆ ಹೋದೆ. ಅಲ್ಲಿ ಬಿಸಿಲಿತ್ತು. ಹೀಗೆ ಬಿಸಿಲಿಗೆ ಮೈಯೊಡ್ಡಿ ಕುಳಿತು ಎಷ್ಟೋ ತಿಂಗಳಾಗಿತ್ತು. ಗೋಡೆಗೆ ಒರಗಿ ಕುಳಿತು ಅತ್ತುಬಿಟ್ಟೆ. ಯಾಕೆಂದು ಕೇಳಬೇಡಿ, ನನಗೂ ಗೊತ್ತಿಲ್ಲ. ಬಟ್ಟೆ ಒಗೆಯುತ್ತಿದ್ದ ಅಕ್ಕ ತಿರುಗಿ ನೋಡಿದಳು. ಹತ್ತಿರ ಬಂದು ತಟ್ಟೆಯನ್ನು ಮುಟ್ಟಲಿಲ್ಲ, ನನ್ನನ್ನೂ ಎಬ್ಬಿಸಲಿಲ್ಲ. ತನ್ನ ಮಡಕೆಯನ್ನು ಮಾತ್ರ ಸ್ವಲ್ಪ ಸರಿಸಿ ಜಾಗ ಮಾಡಿಕೊಟ್ಟಳು.

ಅಂದಿನಿಂದ ದಿನಾ ಬಿಸಿಲಿಗೆ ಹೋಗಿ ಕೂರುವುದು ನನ್ನ ಕೆಲಸವಾಯಿತು. ಹಳದಿ ಎಳೆಗಳು ಮೊದಲು ತುದಿಯಲ್ಲಿ, ಆಮೇಲೆ ಬುಡದವರೆಗೆ ಹಸಿರಾದದ್ದನ್ನು ಕುಳಿತಲ್ಲೇ ನೋಡಿದೆ. ನನ್ನ ಹುಲ್ಲನ್ನು ನಾನೇ ಕತ್ತರಿಸಿ, ನಾನೇ ಅರೆದು, ಬಟ್ಟೆಯಲ್ಲಿ ಹಿಂಡಿ ಕುಡಿದೆ. ಮೊದಲ ಸಲ ವಾಂತಿಯಾಯಿತು. ಹಸಿ ಬಟಾಣಿಯ ಸಿಪ್ಪೆಯನ್ನು ಸಕ್ಕರೆ ನೀರಿನಲ್ಲಿ ಕದಡಿದ ಹಾಗೆ ಇರುತ್ತದೆ ಅದರ ರುಚಿ. ಭಾವ ಬ್ಲಾಕ್‌ಪಲ್ಲಿಯಿಂದ ಕುರಿಯ ಕಲೇಜಿ ತರುತ್ತಿದ್ದರು, ಅಕ್ಕ ಮೆಣಸು ಹಾಕಿ ಹುರಿದುಕೊಡುತ್ತಿದ್ದಳು. ಇಂಜೆಕ್ಷನ್ನಿಗೆ ವಾರವಾರವೂ ಹೋಗುತ್ತಿದ್ದೆ. ಮೊದಲು ಜಟಕಾದಲ್ಲಿ ಮಲಗಿ, ಆಮೇಲೆ ಕುಳಿತು, ಕೊನೆಗೆ ನಮ್ಮವರ ಸೈಕಲ್ಲಿನ ಹಿಂದೆ. ಡಾಕ್ಟರಮ್ಮ ಒಂದು ದಿನ ನನ್ನ ರೆಪ್ಪೆ ಎಳೆದು ನೋಡಿ ಕೆನ್ನೆ ತಟ್ಟಿದರು. ಇಂಜೆಕ್ಷನ್ನೇ ಉಳಿಸಿದ್ದು ಎಂದು ಅವರು, ಹುಲ್ಲೇ ಎಂದು ಪಂಡಿತರು, ತಾಯಿ ಒಲಿದಳು ಎಂದು ಅತ್ತೆ. ರಕ್ತ ತುಂಬಿಸಿದ್ದು ಇಂಜೆಕ್ಷನ್ನೇ ಇರಬೇಕು, ಡಾಕ್ಟರಮ್ಮನ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಚಾಪೆಯಿಂದ ಎಬ್ಬಿಸಿದ್ದು ಮಾತ್ರ ನನ್ನ ಹೊಟ್ಟೆಕಿಚ್ಚು. ಕಾಯಿಲೆಯವರಿಗೆ ಹೊಟ್ಟೆಕಿಚ್ಚು ಬೇಡ ಎನ್ನುವವರಿಗೆ ನಾನು ಇದನ್ನೇ ಹೇಳುವುದು.

ಮೈ ಬಂತು. ಹಾಲು ಬರಲಿಲ್ಲ. ಮಗುವೂ ಬರಲಿಲ್ಲ.

ಇದನ್ನು ಯಾವ ಡಾಕ್ಟರೂ ಹೇಳಿರಲಿಲ್ಲ. ನಾನು ಎತ್ತಿಕೊಂಡರೆ ಮಗು ಹಿಂದಕ್ಕೆ ಬಿಲ್ಲಿನ ಹಾಗೆ ಬಾಗಿ ಕಿರುಚುತ್ತಿತ್ತು. ಒಳಲೆಯಲ್ಲಿ ಹಸುವಿನ ಹಾಲು ಹಾಕಿ ಕುಡಿಸಲು ಹೋದರೆ ಉಗುಳುತ್ತಿತ್ತು. ಅಕ್ಕನ ಬಳೆಯ ಸದ್ದು ಕೇಳಿದರೆ ಸಾಕು, ಅಳು ನಿಲ್ಲುತ್ತಿತ್ತು. ತೊಟ್ಟಿಲಿನ ಹಾಡು ನಾನು ಹೇಳಿದರೆ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು, ಯಾರೋ ನೆಂಟರು ಹಾಡುತ್ತಿದ್ದಾರೆ ಎಂಬ ಹಾಗೆ. ಮಾತು ಬಂದಾಗ ಅಕ್ಕನನ್ನು ಅಮ್ಮ ಎಂದು ಕರೆಯಿತು. ಅಕ್ಕನ ಗಂಡುಮಕ್ಕಳು ಹಾಗೆ ಕರೆಯುತ್ತಿದ್ದರಲ್ಲ, ಅದನ್ನು ಕೇಳಿ ಕಲಿತಿತ್ತು. ಅವರು ನನ್ನನ್ನು ಚಿಕ್ಕಮ್ಮ ಅನ್ನುತ್ತಿದ್ದರು, ನನ್ನ ಮಗಳೂ ಚಿಕ್ಕಮ್ಮ ಎಂದಿತು. ಮನೆಯವರೆಲ್ಲ ನಕ್ಕರು. ಕೂಡು ಮನೆಯಲ್ಲಿ ಇದೆಲ್ಲ ಸಾಮಾನ್ಯ, ದೊಡ್ಡದಾದರೆ ತಾನೇ ತಿಳಿಯುತ್ತದೆ ಎಂದರು ಅತ್ತೆ. ನಾನೂ ನಕ್ಕೆ, ನಕ್ಕು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲನ್ನು ಕೈ ಕೆಂಪಾಗುವವರೆಗೆ ಉಜ್ಜಿದೆ. ಅಮ್ಮ ಅನ್ನು ಎಂದು ಮಗುವಿನ ಗಲ್ಲ ಹಿಡಿದು ಎಷ್ಟು ಹೇಳಿಕೊಟ್ಟರೂ, ಅದು ನಕ್ಕು ಬಾಗಿಲ ಕಡೆ ಕೈ ತೋರಿಸಿ, ಅಮ್ಮ ಅಲ್ಲಿ ಎನ್ನುತ್ತಿತ್ತು.

ಬೇರೆ ಮನೆ ಮಾಡೋಣ ಎಂದು ನಾನು ನಮ್ಮವರನ್ನು ಪೀಡಿಸತೊಡಗಿದೆ. ಕಾರ್ಖಾನೆ ದೂರ, ಸೈಕಲ್ಲು ತುಳಿದು ನಿಮಗೆ ಕಾಲುನೋವು ಎಂದೆಲ್ಲ ಹೇಳಿದೆ. ಅವರಿಗೆ ನಿಜವಾದ ಕಾರಣ ಗೊತ್ತಿತ್ತು, ಆದರೂ ಕಾಲುನೋವು ಎಂದು ಒಪ್ಪಿಕೊಂಡರು. ಯುದ್ಧ ಮುಗಿಯುವ ಹೊತ್ತಿಗೆ ಕಾರ್ಖಾನೆಯ ಹತ್ತಿರ ಎರಡು ಕೋಣೆಯ ಮನೆ ಸಿಕ್ಕಿತು. ಅಕ್ಕನಿಗೆ ಹೇಳಿದಾಗ ಅವಳು ಅಕ್ಕಿ ಆರಿಸುತ್ತಿದ್ದಳು. ಒಳ್ಳೇದಾಯ್ತು ಎಂದಳು. ಆಮೇಲೆ ಮೊರದಲ್ಲಿ ಕಲ್ಲು ಎಷ್ಟಿದೆ ನೋಡು ಎಂದು ಬೈಯುತ್ತಾ ಅದೇ ಅಕ್ಕಿಯನ್ನು ಮತ್ತೆ ಮೊದಲಿನಿಂದ ಆರಿಸಿದಳು.

ಹೊರಡುವ ದಿನ ಗಾಡಿಗೆ ಸಾಮಾನು ಹಾಕಿದೆವು. ನಾನು ಹತ್ತಿ ಕುಳಿತೆ. ಅಕ್ಕ ಮಗುವಿಗೆ ತಾನೇ ಹೊಲಿದ ಲಂಗ ಹಾಕಿ, ಎರಡು ಜಡೆ ಎಳೆದು ಕಟ್ಟಿ ಎತ್ತಿಕೊಂಡು ಬಂದಳು. ನನ್ನ ಕೈಗೆ ಕೊಡಲು ಬಂದಾಗ ಮಗು ಅವಳ ಕೊರಳನ್ನು ಎರಡೂ ಕೈಯಿಂದ ತಬ್ಬಿಕೊಂಡಿತು. ಅಮ್ಮಾ, ಅಮ್ಮಾ ಎಂದು ಅತ್ತಿತು. ಓಣಿಯ ಜನವೆಲ್ಲ ಬಾಗಿಲಿಗೆ ಬಂದು ನಿಂತರು. ಆಗ ನನ್ನ ಮನಸ್ಸಿನಲ್ಲಿದ್ದದ್ದು ಒಂದೇ. ಇಷ್ಟೆಲ್ಲ ಇಂಜೆಕ್ಷನ್ ಹಾಕಿಸಿಕೊಂಡು ನಾನು ಉಳಿದದ್ದು ಈ ಮಗುವಿಗೆ ಚಿಕ್ಕಮ್ಮನಾಗುವುದಕ್ಕಾ?

ಅಕ್ಕ ಮಗುವಿನ ಬೆರಳುಗಳನ್ನು ಒಂದೊಂದಾಗಿ ತನ್ನ ಕೊರಳಿನಿಂದ ಬಿಡಿಸಿದಳು. ಅದರ ಮುಖವನ್ನು ಎರಡು ಕೈಯಲ್ಲಿ ಹಿಡಿದು ತನ್ನ ಮುಖದ ಹತ್ತಿರ ತಂದುಕೊಂಡಳು.

"ನಾನು ಅಮ್ಮ ಅಲ್ಲ ಕಂದ. ನಾನು ದೊಡ್ಡಮ್ಮ. ಅಲ್ಲಿ ನೋಡು, ಗಾಡೀಲಿ ಕೂತಿದ್ದಾಳಲ್ಲ, ಅವಳು ನಿನ್ನಮ್ಮ. ಹೇಳು, ಅಮ್ಮ ಅನ್ನು."

ಮಗು ಅಳು ನಿಲ್ಲಿಸಿ ನನ್ನನ್ನು ನೋಡಿತು. ಅಕ್ಕ ಹೇಳಿದ್ದನ್ನು ಅದು ಯಾವತ್ತೂ ಮೀರಿದ್ದಿಲ್ಲ. ಅಮ್ಮ ಎಂದಿತು, ನನ್ನ ಕಡೆ ನೋಡಿಕೊಂಡು, ಬಿಕ್ಕುತ್ತಾ. ಅಕ್ಕ ಅದನ್ನು ನನ್ನ ಮಡಿಲಿಗೆ ಹಾಕಿ ತಿರುಗಿ ನೋಡದೆ ಒಳಗೆ ಹೋದಳು. ಗಾಡಿ ಓಣಿ ದಾಟುವವರೆಗೂ ಜನ ಕೈ ಬೀಸಿದರು. ಮಡಿಲಲ್ಲಿ ನನ್ನ ಮಗಳು, ಅವಳ ಬಾಯಲ್ಲಿ ನಾನು ಕೇಳಬೇಕೆಂದು ಕಾದಿದ್ದ ಮಾತು, ಎಲ್ಲವೂ ಸಿಕ್ಕಿತ್ತು. ನನಗೆ ಹೊಟ್ಟೆ ಧಗಧಗ ಉರಿಯುತ್ತಿತ್ತು. ನಾನು ಗಲ್ಲ ಹಿಡಿದು ಅಷ್ಟು ದಿನ ಹೇಳಿಕೊಟ್ಟರೂ ಬರದ ಮಾತು ಅದು. ಕೊನೆಗೆ ಅದನ್ನೂ ಅವಳೇ ಕಲಿಸಿಬಿಟ್ಟಳು.